ಡ್ರೋನ್ ಲೈಸೆನ್ಸ್: ಫೋನಿನಲ್ಲಿ ಕಲಿಯುವುದೆಷ್ಟು, ಹೊಲದಲ್ಲಿ ಕಲಿಯುವುದೆಷ್ಟು?

ಡ್ರೋನ್‌ನಲ್ಲಿ ಔಷಧಿ ಹೊಡೆಸುವುದು ಈಗ ನಮ್ಮ ಹಳ್ಳಿಗಳಲ್ಲಿ ಹೊಸ ಸುದ್ದಿಯಲ್ಲ. ತೊಗರಿ, ಭತ್ತ, ಮೆಕ್ಕೆಜೋಳ ಬೆಳೆಯುವ ಕಡೆ ಬಾಡಿಗೆಗೆ ಡ್ರೋನ್ ಕರೆಸಿ, ಎಕರೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಕೆಲಸ ಮುಗಿಸಿಕೊಳ್ಳುವವರು ಸಿಗುತ್ತಾರೆ. ಬೆನ್ನಿಗೆ ಕ್ಯಾನ್ ಹಾಕಿಕೊಂಡು ಕೆಸರಲ್ಲಿ ಕಾಲೆಳೆದು ನಡೆಯುವ ಕೆಲಸ ಎಕರೆಗೆ ಹತ್ತು ನಿಮಿಷದಲ್ಲಿ ಆಗುತ್ತದೆ ಅಂದರೆ ಯಾರಿಗೆ ಬೇಡ? ಅದನ್ನು ನೋಡಿದ ಮನೆಯ ಹುಡುಗನೋ ಸೊಸೆಯೋ "ನಾವೇ ಯಾಕೆ ಕಲಿಯಬಾರದು?" ಅಂದಾಗ ಪ್ರಶ್ನೆಗಳು ಶುರುವಾಗುತ್ತವೆ. ಲೈಸೆನ್ಸ್ ಬೇಕೇ ಬೇಕಾ? ಯಾರು ಕೊಡುತ್ತಾರೆ? ಆನ್‌ಲೈನ್‌ನಲ್ಲೇ ಮುಗಿಯುತ್ತದಾ? ಊರು ಬಿಟ್ಟು ಎಷ್ಟು ದಿನ ಇರಬೇಕು?

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಲೈಸೆನ್ಸಿನ ತರಬೇತಿ ಮುಖ್ಯವಾಗಿ ಹಾರಿಸುವುದನ್ನು ಕಲಿಸುತ್ತದೆ. ಆದರೆ ರೈತರಿಗೆ, ಅವರ ಪಕ್ಕದ ಹೊಲದವರಿಗೆ ನಿಜವಾದ ಅಪಾಯ ಇರುವುದು ಟ್ಯಾಂಕಿನ ಒಳಗೆ. ಯಾವುದನ್ನು ಫೋನಿನಲ್ಲಿ ಕಲಿಸಬಹುದು, ಯಾವುದನ್ನು ಹೊಲದಲ್ಲೇ ಕಲಿಸಬೇಕು ಅನ್ನುವುದನ್ನು ಈ ದೃಷ್ಟಿಯಿಂದಲೇ ನೋಡಬೇಕು ಅನ್ನುವುದು ನನ್ನ ಅಭಿಪ್ರಾಯ.

ಕಾನೂನು ಏನು ಹೇಳುತ್ತದೆ

ಭಾರತದಲ್ಲಿ ಡ್ರೋನ್‌ಗಳಿಗೆ ಈಗಿರುವುದು 2021ರ ಆಗಸ್ಟ್‌ನಲ್ಲಿ ಬಂದ ಡ್ರೋನ್ ನಿಯಮಗಳು. ಅದರಲ್ಲಿ ಡ್ರೋನ್‌ಗಳನ್ನು ತೂಕದ ಮೇಲೆ ಐದು ವರ್ಗ ಮಾಡಿದ್ದಾರೆ. 250 ಗ್ರಾಂವರೆಗೆ ನ್ಯಾನೋ, 2 ಕೆಜಿವರೆಗೆ ಮೈಕ್ರೋ, 25 ಕೆಜಿವರೆಗೆ ಸ್ಮಾಲ್, 150 ಕೆಜಿವರೆಗೆ ಮೀಡಿಯಂ, ಅದಕ್ಕಿಂತ ಮೇಲೆ ಲಾರ್ಜ್. ತೂಕ ಅಂದರೆ ಖಾಲಿ ಡ್ರೋನಿನ ತೂಕವಲ್ಲ. ಬ್ಯಾಟರಿ, ತುಂಬಿದ ಟ್ಯಾಂಕು ಎಲ್ಲಾ ಸೇರಿ. 10 ಲೀಟರ್ ಟ್ಯಾಂಕಿನ ಡ್ರೋನ್‌ಗಳು ಸಾಮಾನ್ಯವಾಗಿ ಸ್ಮಾಲ್ ವರ್ಗಕ್ಕೆ ಬರುತ್ತವೆ. ಅದಕ್ಕಿಂತ ದೊಡ್ಡ ಟ್ಯಾಂಕಿನದಾದರೆ ಮೀಡಿಯಂ ಆಗಿಬಿಡಬಹುದು.

ನ್ಯಾನೋ ಡ್ರೋನ್‌ಗೆ, ಮತ್ತು ವ್ಯಾಪಾರಕ್ಕಲ್ಲದೆ ಹಾರಿಸುವ ಮೈಕ್ರೋ ಡ್ರೋನ್‌ಗೆ ಮಾತ್ರ ಲೈಸೆನ್ಸಿನ ಗೋಜಿಲ್ಲ. ಔಷಧಿ ಹೊಡೆಯುವ ಡ್ರೋನ್ ಈ ಎರಡರಲ್ಲೂ ಸೇರುವುದಿಲ್ಲ. ಹಾಗಾಗಿ ಸ್ವಂತ ಡ್ರೋನ್ ಆಗಲಿ, ಸ್ವಂತ ಹೊಲವೇ ಆಗಲಿ, ರಿಮೋಟ್ ಹಿಡಿಯುವವರ ಹತ್ತಿರ ಪ್ರಮಾಣಪತ್ರ ಇರಲೇಬೇಕು. ನಾವು ಮಾತಿನಲ್ಲಿ ಲೈಸೆನ್ಸ್ ಅನ್ನುತ್ತೇವೆ. 2022ರ ತಿದ್ದುಪಡಿಯ ನಂತರ ಕಾಗದದ ಮೇಲೆ ಅದು ರಿಮೋಟ್ ಪೈಲಟ್ ಸರ್ಟಿಫಿಕೇಟ್. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಯಾವ ತರಬೇತಿ ಸಂಸ್ಥೆಗೆ ಮಾನ್ಯತೆ ಕೊಟ್ಟಿದೆಯೋ ಅಲ್ಲಿ ಕಲಿತು ಪಾಸಾದರೆ ಮಾತ್ರ ಇದು ಸಿಗುತ್ತದೆ. ಒಮ್ಮೆ ಸಿಕ್ಕರೆ 10 ವರ್ಷ ನಡೆಯುತ್ತದೆ. ಯಾವ ವರ್ಗದ ಡ್ರೋನ್ ಅನ್ನುವುದನ್ನೂ ಅದರಲ್ಲಿ ಬರೆದಿರುತ್ತಾರೆ. ಸ್ಮಾಲ್ ವರ್ಗಕ್ಕೆ ಪಡೆದ ಪತ್ರ ಇಟ್ಟುಕೊಂಡು ಮೀಡಿಯಂ ಡ್ರೋನ್ ಹಾರಿಸುವ ಹಾಗಿಲ್ಲ. ಹಾಗಾಗಿ ಮುಂದೆ ಯಾವ ಡ್ರೋನ್ ಕೊಳ್ಳುತ್ತೀರಿ ಎನ್ನುವುದನ್ನು ತರಬೇತಿಗೆ ಹೆಸರು ಕೊಡುವ ಮೊದಲೇ ಯೋಚಿಸಿಕೊಳ್ಳಬೇಕು.

ಅರ್ಹತೆಯ ವಿಷಯಕ್ಕೆ ಬಂದರೆ ವಯಸ್ಸು 18ರಿಂದ 65, ಮತ್ತು ಹತ್ತನೇ ಕ್ಲಾಸು ಪಾಸಾಗಿರಬೇಕು. ಮೊದಲು ಪಾಸ್‌ಪೋರ್ಟ್ ಕೂಡ ಕೇಳುತ್ತಿದ್ದರು. ಯೋಚನೆ ಮಾಡಿ, ಬೆಂಗಳೂರಿಗೇ ವರ್ಷಕ್ಕೊಮ್ಮೆ ಬರುವ ರೈತ ಮಹಿಳೆಯ ಹತ್ತಿರ ಪಾಸ್‌ಪೋರ್ಟ್ ಎಲ್ಲಿಂದ ಬರಬೇಕು? ಹಳ್ಳಿಯವರು ಬಾಗಿಲಲ್ಲೇ ನಿಲ್ಲುತ್ತಿದ್ದರು. 2023ರ ಸೆಪ್ಟೆಂಬರ್‌ನಲ್ಲಿ ನಿಯಮ ತಿದ್ದಿ, ವೋಟರ್ ಐಡಿ, ರೇಷನ್ ಕಾರ್ಡ್, ಡ್ರೈವಿಂಗ್ ಲೈಸೆನ್ಸ್‌ನಂಥ ದಾಖಲೆಗಳೂ ಸಾಕು ಅಂದರು. ಕೃಷಿಗಾಗಿ ಡ್ರೋನ್ ಕಲಿಯುವ ಗ್ರಾಮೀಣ ಜನರಿಗೆ ಪಾಸ್‌ಪೋರ್ಟ್ ಅಡ್ಡಿಯಾಗುತ್ತಿದೆ ಎಂಬ ಕಾರಣವನ್ನು ಸರ್ಕಾರವೇ ಕೊಟ್ಟಿತ್ತು. ತರಬೇತಿ ಚೆನ್ನಾಗಿದ್ದರೆ ಸಾಲದು, ಅಲ್ಲಿಗೆ ಹೋಗುವ ದಾರಿಯೂ ರೈತರ ಬದುಕಿಗೆ ಹೊಂದಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಎಸ್ಸೆಸ್ಸೆಲ್ಸಿ ಷರತ್ತು ಮಾತ್ರ ಹಾಗೇ ಉಳಿದಿದೆ. ಐವತ್ತು ದಾಟಿದ ಎಷ್ಟೋ ರೈತರಿಗೆ ಇದು ಆಗದ ಮಾತು. ಆದರೆ ಹೊಲದ ಕೆಲಸದಲ್ಲಿ ರಿಮೋಟ್ ಹಿಡಿಯುವವರು ಒಬ್ಬರಾದರೆ ಔಷಧಿ ಕಲಸುವವರು, ಬ್ಯಾಟರಿ ಬದಲಿಸುವವರು, ಗಾಳಿ ನೋಡುವವರು ಇನ್ನೊಬ್ಬರು ಬೇಕೇ ಬೇಕು. ಈ ಎರಡನೆಯವರಿಗೆ ಪೈಲಟ್ ಪತ್ರ ಬೇಡ, ಅನುಭವ ಬೇಕು. ಮಗಳು ಪೈಲಟ್, ಅಪ್ಪ ಸಹಾಯಕ ಅಂತ ಇಬ್ಬರೂ ಒಟ್ಟಿಗೆ ಕಲಿತರೆ ಆ ಜೋಡಿ ಗಟ್ಟಿ.

ಐದು ದಿನ ಮತ್ತು ಹತ್ತು ದಿನ

ಕೇಂದ್ರ ಸರ್ಕಾರದ ನಮೋ ಡ್ರೋನ್ ದೀದಿ ಯೋಜನೆಯ ಹೆಸರು ಕೇಳಿರುತ್ತೀರಿ. 1,261 ಕೋಟಿ ರೂಪಾಯಿಯ ಈ ಯೋಜನೆಗೆ 2023ರ ಕೊನೆಯಲ್ಲಿ ಒಪ್ಪಿಗೆ ಸಿಕ್ಕಿತು. 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡುವುದು ಗುರಿ. ಡ್ರೋನ್ ಮತ್ತು ಅದರ ಸಾಮಾನಿನ ಬೆಲೆಯಲ್ಲಿ ಶೇ 80, ಗರಿಷ್ಠ 8 ಲಕ್ಷ ರೂಪಾಯಿವರೆಗೆ ಸಹಾಯಧನ. ಸಂಘದ ಒಬ್ಬ ಸದಸ್ಯೆಗೆ 15 ದಿನದ ತರಬೇತಿ. ಅದರಲ್ಲಿ 5 ದಿನ ಕಡ್ಡಾಯ ಪೈಲಟ್ ತರಬೇತಿ. ಉಳಿದ 10 ದಿನ ಪೋಷಕಾಂಶ ಮತ್ತು ಕೀಟನಾಶಕ ಸಿಂಪಡಿಸುವ ಕೃಷಿ ತರಬೇತಿ.

ಈ 5 ಮತ್ತು 10ರ ಲೆಕ್ಕವನ್ನು ಸ್ವಲ್ಪ ಗಮನಿಸಿ. ಹಾರಿಸಲು ಕಲಿಯುವುದಕ್ಕಿಂತ ಸರಿಯಾಗಿ ಹೊಡೆಯಲು ಕಲಿಯುವುದಕ್ಕೆ ಎರಡು ಪಟ್ಟು ಸಮಯ ಬೇಕು ಎಂದು ಯೋಜನೆ ಮಾಡಿದವರಿಗೆ ಗೊತ್ತಿದೆ. ಇದು ಸರಿಯಾದ ಲೆಕ್ಕ. ಆದರೆ ಯೋಜನೆಯ ಹೊರಗೆ, ಸ್ವಂತ ದುಡ್ಡಿನಲ್ಲಿ ಹತ್ತಾರು ಸಾವಿರ ಫೀಸು ಕಟ್ಟಿ ಪೈಲಟ್ ಆಗಲು ಹೋಗುವ ಯುವ ರೈತನಿಗೆ ಕಾನೂನಿನ ಪ್ರಕಾರ ಬೇಕಾಗುವುದು ಆ ಪೈಲಟ್ ತರಬೇತಿ ಮಾತ್ರ. ಮದುವೆ ವಿಡಿಯೋ ತೆಗೆಯುವವನೂ ಅವನೂ ಕಲಿಯುವ ಮೂಲ ಪಾಠ ಹೆಚ್ಚುಕಡಿಮೆ ಒಂದೇ: ವಾಯುಪ್ರದೇಶದ ನಿಯಮ, ಹವಾಮಾನ, ಡ್ರೋನಿನ ಭಾಗಗಳು, ತುರ್ತು ಸಂದರ್ಭ, ಸಿಮ್ಯುಲೇಟರ್ (ಕಂಪ್ಯೂಟರ್ ಪರದೆ ಮೇಲೆ ಹಾರಿಸುವ ಅಭ್ಯಾಸ), ಆಮೇಲೆ ಹಾರಾಟ. ವಾರ ಕಳೆದರೆ ಪ್ರಮಾಣಪತ್ರ ಕೈಯಲ್ಲಿ. ಟ್ಯಾಂಕಿಗೆ ಏನು ಹಾಕಬೇಕು, ಎಷ್ಟು ಹಾಕಬೇಕು ಅನ್ನುವುದನ್ನು ಅವನು ಆಮೇಲೆ ಎಲ್ಲೋ ಕಲಿತುಕೊಳ್ಳಬೇಕು.

ಇದರ ಹಿಂದೆ ಒಂದು ಹಳೆಯ ಕಾರಣವಿದೆ. ನಮ್ಮಲ್ಲಿ ಔಷಧಿ ಹೊಡೆಯಲು ರೈತನಿಗೆ ಲೈಸೆನ್ಸ್ ಅನ್ನುವುದೇ ಇಲ್ಲ. 1968ರ ಕೀಟನಾಶಕ ಕಾಯ್ದೆ ತಯಾರಿಸುವವರಿಗೆ, ಮಾರುವವರಿಗೆ ಲೈಸೆನ್ಸ್ ಕಡ್ಡಾಯ ಮಾಡಿದೆ. ತನ್ನ ಸಾಗುವಳಿಯ ಜಮೀನಿನಲ್ಲಿ ತಾನೇ ಬಳಸುವವನನ್ನು ಅದರ 38ನೇ ಸೆಕ್ಷನ್ ಕಾಯ್ದೆಯಿಂದ ಹೊರಗಿಟ್ಟಿದೆ. ಸಣ್ಣ ರೈತನಿಗೆ ಕಿರುಕುಳ ಆಗಬಾರದು ಅನ್ನುವ ದೃಷ್ಟಿಯಿಂದ ನೋಡಿದರೆ ಇದು ಒಳ್ಳೆಯದೇ. ಆದರೆ ಲೈಸೆನ್ಸ್ ಇಲ್ಲ ಅಂದಮೇಲೆ ಅದರ ಜೊತೆ ಬರಬೇಕಿದ್ದ ತರಬೇತಿಯೂ ಬರಲಿಲ್ಲ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿ ಹೊಲಗಳಲ್ಲಿ ಔಷಧಿ ಹೊಡೆಯುತ್ತಿದ್ದ 20ಕ್ಕೂ ಹೆಚ್ಚು ಜನ ವಿಷವೇರಿ ಸತ್ತರು, ನೂರಾರು ಜನ ಆಸ್ಪತ್ರೆ ಸೇರಿದರು. ಸತ್ತವರಲ್ಲಿ ಕೂಲಿಯವರೂ ಇದ್ದರು. ಅವರಿಗೆಲ್ಲ ಯಾರಾದರೂ ಒಂದು ದಿನ ಕೂರಿಸಿಕೊಂಡು ಹೇಳಿಕೊಟ್ಟಿದ್ದರೆ ಅನ್ನಿಸದೆ ಇರುವುದಿಲ್ಲ.

ಡ್ರೋನ್ ಬಂದಮೇಲೆ ಮೊದಲ ಸಲ ನಮ್ಮ ರೈತರು ಔಷಧಿ ಹೊಡೆಯುವ ಮೊದಲು ಒಂದು ತರಗತಿಯಲ್ಲಿ ಕೂರುತ್ತಿದ್ದಾರೆ. ಈ ಅವಕಾಶವನ್ನು ಬರೀ ಹಾರಿಸುವುದಕ್ಕೆ ಮುಗಿಸಿಬಿಟ್ಟರೆ ದೊಡ್ಡ ನಷ್ಟ.

ಟ್ಯಾಂಕಿನ ಲೆಕ್ಕ

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅನ್ನುವುದಕ್ಕೆ ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಔಷಧಿಯನ್ನು ಎಕರೆಗೆ 200 ಮಿಲಿ ಬಳಸಬೇಕು ಅಂತ ಇಟ್ಟುಕೊಳ್ಳಿ. ಬೆನ್ನಿನ ಸ್ಪ್ರೇಯರ್‌ನಲ್ಲಿ ಎಕರೆಗೆ ಸುಮಾರು 200 ಲೀಟರ್ ನೀರು ಬೇಕು. ಅಂದರೆ ಲೀಟರಿಗೆ 1 ಮಿಲಿ. ಡ್ರೋನ್ ಅದೇ ಎಕರೆಯನ್ನು ಸುಮಾರು 10 ಲೀಟರ್ ನೀರಿನಲ್ಲಿ ಮುಗಿಸುತ್ತದೆ. ಎಕರೆಯ ಪ್ರಮಾಣ ಬದಲಾಗಲ್ಲ, ಅದೇ 200 ಮಿಲಿ. ಹಾಗಾದರೆ ಲೀಟರಿಗೆ 20 ಮಿಲಿ ಆಯಿತು. ಟ್ಯಾಂಕಿನಲ್ಲಿರುವ ದ್ರಾವಣ 20 ಪಟ್ಟು ಗಟ್ಟಿ.

ಈಗ ನಮ್ಮ ಅಭ್ಯಾಸ ನೋಡಿ. ಎಕರೆಗೆ ಎಷ್ಟು ಅಂತ ಲೆಕ್ಕ ಹಾಕುವವರು ಕಡಿಮೆ. "ಒಂದು ಕ್ಯಾನಿಗೆ ಎರಡು ಮುಚ್ಚಳ" ಅನ್ನುವುದೇ ಹಳ್ಳಿಯ ಅಳತೆ. ಅದೇ ಅಭ್ಯಾಸದಲ್ಲಿ ಡ್ರೋನಿನ ಟ್ಯಾಂಕಿಗೂ ಎರಡು ಮುಚ್ಚಳ ಹಾಕಿದರೆ ಹುಳ ಸಾಯುವುದಿಲ್ಲ, ದುಡ್ಡು ದಂಡ, ಮೇಲಿಂದ ಹುಳಕ್ಕೆ ಆ ಔಷಧಿಯೇ ಅಭ್ಯಾಸವಾಗುತ್ತದೆ. ಸರಿಯಾದ ಪ್ರಮಾಣ ಹಾಕಿದರೆ ಕಲಸುವವರ ಕೈ ಮೇಲೆ ಬೀಳುವ ಒಂದೊಂದು ಹನಿಯೂ ಮೊದಲಿಗಿಂತ 20 ಪಟ್ಟು ಗಟ್ಟಿ. ಬೆನ್ನಿಗೆ ಕ್ಯಾನ್ ಹಾಕಿಕೊಂಡು ಔಷಧಿಯ ಮಂಜಿನಲ್ಲಿ ನಡೆಯುವ ಅಪಾಯ ಡ್ರೋನ್‌ನಿಂದ ತಪ್ಪಿತು, ನಿಜ. ಆದರೆ ಅಪಾಯ ಹೊಲದ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು ಔಷಧಿ ಕಲಸುವ ಸಹಾಯಕರ ಹತ್ತಿರ ಬಂದು ಕೂತಿತು. ಕೈಗವಸು, ಮಾಸ್ಕು, ಕನ್ನಡಕ ಮೊದಲು ಬೇಕಾದದ್ದು ಅವರಿಗೆ.

ಗಾಳಿಗೆ ಹಾರಿಹೋಗುವ ಹನಿಯ ವಿಷಯವೂ ಇದೇ. ರಾಮನಗರ, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಟೊಮೆಟೊ ತೋಟದ ಪಕ್ಕದಲ್ಲೇ ಹಿಪ್ಪುನೇರಳೆ ತೋಟ ಇರುವುದು ಮಾಮೂಲು. ರೇಷ್ಮೆಹುಳ ಕೂಡ ಒಂದು ಹುಳವೇ ಅಲ್ವಾ? ಟೊಮೆಟೊ ಹುಳಕ್ಕೆ ಹೊಡೆದ ಔಷಧಿ ಸೊಪ್ಪಿನ ಮೇಲೆ ಸ್ವಲ್ಪ ಬಿದ್ದು, ಆ ಸೊಪ್ಪನ್ನು ಹುಳುಮನೆಗೆ ಕೊಯ್ದು ಹಾಕಿದರೆ, ಇನ್ನೇನು ಗೂಡು ಕಟ್ಟಬೇಕಾದ ಹುಳಗಳು ತಟ್ಟೆಯಲ್ಲೇ ಸಾಯುತ್ತವೆ. ಒಂದು ಬೆಳೆಯ ದುಡ್ಡು ಹೋಯಿತು, ಜೊತೆಗೆ ಅಕ್ಕಪಕ್ಕದ ಸಂಬಂಧವೂ ಹೋಯಿತು. ಹೊಡೆಯುವ ಮೊದಲು ಪಕ್ಕದವರಿಗೆ ಒಂದು ಮಾತು ಹೇಳುವುದು, ಗಾಳಿ ಆ ಕಡೆಗೆ ಬೀಸುತ್ತಿದ್ದರೆ ಅವತ್ತು ಡ್ರೋನ್ ಎತ್ತದೇ ಇರುವುದು ಇವು ಪೈಲಟ್ ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ ಬರದೇ ಇರಬಹುದು. ಕರ್ನಾಟಕದಲ್ಲಿ ಡ್ರೋನ್ ಹಾರಿಸುವವರಿಗೆ ಇದು ಮೊದಲ ಪಾಠವಾಗಬೇಕು.

ಫೋನಿಗೆ ಒಪ್ಪುವುದು

ಹಾಗಾದರೆ ಆನ್‌ಲೈನ್ ಪ್ರಯೋಜನವಿಲ್ಲವಾ? ಖಂಡಿತ ಇದೆ. ಮತ್ತೆ ಮತ್ತೆ ಕೇಳಿ ನೆನಪಿಟ್ಟುಕೊಳ್ಳಬೇಕಾದ ಎಲ್ಲವೂ ಫೋನಿಗೆ ಒಪ್ಪುತ್ತದೆ. ತೂಕದ ವರ್ಗಗಳು, ಹಾರಾಟದ ನಿಯಮಗಳು, ಬ್ಯಾಟರಿ ಉಬ್ಬಿದ್ದರೆ ಏನು ಮಾಡಬೇಕು, ಔಷಧಿ ಡಬ್ಬಿಯ ಮೇಲಿನ ಬಣ್ಣದ ಗುರುತಿನ ಅರ್ಥ ಏನು. ಕೆಂಪು ಅಂದರೆ ಅತಿ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಇಂಥದ್ದನ್ನು ಕಲಿಯಲು ಊರು ಬಿಟ್ಟು ಹೋಗಬೇಕಾಗಿಲ್ಲ. ತರಬೇತಿ ಕೇಂದ್ರಕ್ಕೆ ಹೋಗುವ ಮೊದಲು ಎರಡು ವಾರ ಮನೆಯಲ್ಲೇ ಕೇಳಿಕೊಂಡು ಹೋದರೆ, ಅಲ್ಲಿನ ದಿನಗಳನ್ನು ಕೈಕೆಲಸಕ್ಕೆ ಬಳಸಬಹುದು.

ನಕ್ಷೆ ಓದುವುದನ್ನೂ ಫೋನಿನಲ್ಲೇ ಕಲಿಸಬೇಕು, ಯಾಕೆಂದರೆ ಆಮೇಲೆ ಬಳಸುವುದೂ ಅಲ್ಲೇ. ಡಿಜಿಟಲ್ ಸ್ಕೈ ಅನ್ನುವ ಸರ್ಕಾರಿ ಜಾಲತಾಣದ ನಕ್ಷೆಯಲ್ಲಿ ದೇಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ತೋರಿಸುತ್ತಾರೆ. ಹಸಿರು ವಲಯದಲ್ಲಿ 400 ಅಡಿವರೆಗೆ ಹಾರಿಸಲು ಅನುಮತಿ ಕೇಳಬೇಕಿಲ್ಲ. ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿಲೋಮೀಟರ್ ದೂರದಲ್ಲಿ ಈ ಮಿತಿ 200 ಅಡಿ. 8 ಕಿಲೋಮೀಟರ್‌ಗಿಂತ ಹತ್ತಿರವಾದರೆ ಅನುಮತಿ ಬೇಕು. ಬೆಳೆಯ ಮೇಲೆ ಎರಡು ಮೂರು ಮೀಟರ್ ಎತ್ತರದಲ್ಲಿ ಹಾರುವ ಡ್ರೋನ್‌ಗೆ 200 ಅಡಿ ಮಿತಿ ಲೆಕ್ಕಕ್ಕೇ ಬರಲ್ಲ. ಆದರೆ ದೇವನಹಳ್ಳಿಯ ದ್ರಾಕ್ಷಿ ಬೆಳೆಗಾರರು ತಮ್ಮ ತೋಟ ನಿಲ್ದಾಣದ ಗಡಿಯಿಂದ ಎಷ್ಟು ದೂರ ಅನ್ನುವುದನ್ನು ಖಂಡಿತ ನೋಡಿಕೊಳ್ಳಬೇಕು. ಶಿವಮೊಗ್ಗ, ಹುಬ್ಬಳ್ಳಿ, ಕಲಬುರಗಿ ನಿಲ್ದಾಣಗಳ ಸುತ್ತಲಿನವರೂ ಅಷ್ಟೇ. ತರಗತಿಯಲ್ಲಿ ಯಾವುದೋ ಊರಿನ ನಕ್ಷೆ ತೋರಿಸುವ ಬದಲು, ಪ್ರತಿಯೊಬ್ಬರೂ ತಮ್ಮ ಸರ್ವೆ ನಂಬರಿನ ಜಾಗವನ್ನೇ ಹುಡುಕಿ ಬಣ್ಣ ಹೇಳಲಿ. ಒಂದು ಸಲ ಹಾಗೆ ಮಾಡಿದರೆ ಮರೆಯುವುದಿಲ್ಲ.

ಆದರೆ ಆನ್‌ಲೈನ್ ಪಾಠ ಅಂದರೆ ಪಟ್ಟಣದ ತರಗತಿಯನ್ನು ಹಾಗೇ ಜೂಮ್‌ಗೆ ಹಾಕುವುದಲ್ಲ. ಬೆಳಿಗ್ಗೆ ಹತ್ತಕ್ಕೆ ಮೂರು ಗಂಟೆಯ ಲೈವ್ ಕ್ಲಾಸ್ ಇಟ್ಟರೆ ರೈತರು ಬರುವುದಿಲ್ಲ, ಬರಲು ಆಗುವುದೂ ಇಲ್ಲ. ಸಂಜೆ ಹಾಲು ಕರೆದು, ಡೇರಿಗೆ ಹಾಕಿ, ಊಟ ಮುಗಿಸುವಷ್ಟರಲ್ಲಿ ಎಂಟೂವರೆ. ಆಗ ಅರ್ಧ ಗಂಟೆ ಪ್ರಶ್ನೆ ಕೇಳುವ ಸಮಯ ಇಟ್ಟರೆ ಸಾಕು. ಪಾಠಗಳು ಐದು ಹತ್ತು ನಿಮಿಷದ ತುಂಡುಗಳಾಗಿರಲಿ. ಡೌನ್‌ಲೋಡ್ ಮಾಡಿಕೊಳ್ಳುವ ಹಾಗಿರಲಿ, ಯಾಕೆಂದರೆ ಮಲೆನಾಡಿನಲ್ಲಿ ಮಳೆಗಾಲ ಅಂದರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ನೋಡದೆ ಬರೀ ಕೇಳಿದರೂ ಅರ್ಥವಾಗುವ ಹಾಗಿದ್ದರೆ ಇನ್ನೂ ಒಳ್ಳೆಯದು. ಕಳೆ ಕೀಳುತ್ತಾ ಕೇಳಬಹುದು.

ಭಾಷೆ ಕೂಡ ಹಾಗೇ. "ಕೀಟನಾಶಕದ ಸಾಂದ್ರತೆ" ಅನ್ನುವ ಬದಲು "ಔಷಧಿ ಎಷ್ಟು ಗಟ್ಟಿ" ಅಂದರೆ ಯಾರಿಗೂ ಎರಡನೇ ಸಲ ಹೇಳಬೇಕಾಗಿಲ್ಲ. ಡ್ರೋನಿನ ಪರದೆ ಮೇಲೆ ಬರುವ ಎಚ್ಚರಿಕೆಗಳು ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಇರುತ್ತವೆ. ಅವುಗಳ ಒಂದು ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ಕನ್ನಡದಲ್ಲಿ "ಹೀಗೆ ಬಂದರೆ ಹೀಗೆ ಮಾಡಿ" ಅಂತ ಬರೆದು ಕೊಟ್ಟರೆ, ಆ ಒಂದು ಹಾಳೆ ದಪ್ಪ ಪುಸ್ತಕಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಇನ್ನೊಂದು ವಿಷಯ ಯೋಜನೆ ಮಾಡುವವರ ಕಣ್ಣಿಗೆ ಬೇಗ ಬೀಳುವುದಿಲ್ಲ. ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆ ಅಂದರೆ ಅದು ಆ ಹೆಣ್ಣುಮಗಳ ಕೈಯಲ್ಲಿದೆ ಅಂತಲ್ಲ. ಗಂಡನ ಜೇಬಿನಲ್ಲಿರುತ್ತದೆ, ಇಲ್ಲಾ ಮಗನ ಆಟಕ್ಕೆ ಹೋಗಿರುತ್ತದೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು, ಈಗ ಅರಿವು ಕೇಂದ್ರ ಅನ್ನುತ್ತೇವಲ್ಲ, ಅವುಗಳಲ್ಲಿ ಕಂಪ್ಯೂಟರ್ ಇರುವ ಕಡೆ ವಾರಕ್ಕೆರಡು ಸಂಜೆ ಸಂಘದ ನಾಲ್ಕಾರು ಮಹಿಳೆಯರು ಒಟ್ಟಿಗೆ ಕೂತು ನೋಡಬಹುದು. ಒಟ್ಟಿಗೆ ಕೂತರೆ ಒಬ್ಬರಿಗೆ ಅರ್ಥವಾಗದ್ದನ್ನು ಇನ್ನೊಬ್ಬರು ಹೇಳಿಕೊಡುತ್ತಾರೆ. ಒಬ್ಬಳೇ ಫೋನ್ ಹಿಡಿದು ಕೂತರೆ ಆ ಲಾಭ ಇಲ್ಲ.

ಹೊಲದಲ್ಲೇ ಆಗಬೇಕಾದದ್ದು

ರಿಮೋಟಿನ ಕಡ್ಡಿಗಳ ಮೇಲೆ ಹೆಬ್ಬೆರಳು ಪಳಗುವುದು ವಿಡಿಯೋ ನೋಡಿ ಆಗುವುದಿಲ್ಲ. ಸೈಕಲ್ ಕಲಿತ ಹಾಗೆ, ಕೂತು ತುಳಿದೇ ಕಲಿಯಬೇಕು. ಸಿಮ್ಯುಲೇಟರ್‌ನಲ್ಲಿ ಡ್ರೋನ್ ಬಿದ್ದರೆ ನಷ್ಟವಿಲ್ಲ, ಹಾಗಾಗಿ ಅಲ್ಲಿ ಎಷ್ಟು ಬೀಳಿಸಿದರೂ ಒಳ್ಳೆಯದೇ. ಡ್ರೋನಿನ ಮುಖ ನಮ್ಮ ಕಡೆಗೆ ತಿರುಗಿದಾಗ ಎಡ ಬಲ ಅದಲುಬದಲಾಗುತ್ತದೆ. ಹೊಸಬರ ಕೈ ತಪ್ಪುವುದು ಸಾಮಾನ್ಯವಾಗಿ ಅಲ್ಲೇ.

ಕೇಂದ್ರದ ಬಯಲು ಮೈದಾನದಲ್ಲಿ ಕಲಿತದ್ದು ಊರಿನ ಹೊಲದಲ್ಲಿ ಪೂರ್ತಿ ಕೆಲಸಕ್ಕೆ ಬರುವುದಿಲ್ಲ. ನಮ್ಮ ಹೊಲ ಅಂದರೆ ಬದುವಿನ ಮೇಲೆ ತೆಂಗು, ಅಂಚಿನಲ್ಲಿ ಸಿಲ್ವರ್ ಓಕ್, ಮಧ್ಯೆ ಪಂಪ್‌ಸೆಟ್‌ಗೆ ಎಳೆದ ವೈರು, ಮೂಲೆಯಲ್ಲಿ ಟ್ರಾನ್ಸ್‌ಫಾರ್ಮರ್. ವೈರು ದೂರದಿಂದ ಕಣ್ಣಿಗೂ ಕಾಣುವುದಿಲ್ಲ. ಹಾರಿಸುವ ಮೊದಲು ಹೊಲದ ಸುತ್ತ ಒಂದು ಸುತ್ತು ನಡೆದು, ಎಲ್ಲೆಲ್ಲಿ ಏನಿದೆ ಅಂತ ನೋಡಿಕೊಂಡು, ಮಣ್ಣಿನ ಮೇಲೋ ಹಾಳೆಯ ಮೇಲೋ ನಕ್ಷೆ ಬರೆಯುವ ಅಭ್ಯಾಸವನ್ನು ತರಬೇತಿಯ ಕೊನೆಯ ಎರಡು ದಿನ ನಿಜವಾದ ಹೊಲಗಳಲ್ಲೇ ಮಾಡಿಸಬೇಕು.

ಹೊಡೆಯುವುದನ್ನು ಕಲಿಸಲು ಬರೀ ನೀರು ಸಾಕು. ಟ್ಯಾಂಕಿಗೆ ಅಳತೆ ಮಾಡಿ 10 ಲೀಟರ್ ನೀರು ತುಂಬಿ, ಅಳೆದು ಗುರುತು ಹಾಕಿದ 40 ಗುಂಟೆ ಮೇಲೆ ಹಾರಿಸಿ, ಇಳಿಸಿದ ಮೇಲೆ ಎಷ್ಟು ಉಳಿಯಿತು ಅಂತ ನೋಡಬೇಕು. ಎರಡು ಲೀಟರ್ ಉಳಿದರೆ ಎಕರೆಗೆ 8 ಲೀಟರ್ ಬಿದ್ದಿದೆ ಅಂತ. ಅರ್ಧಕ್ಕೇ ಖಾಲಿಯಾದರೆ ವೇಗ ಕಡಿಮೆ ಇದೆ, ಇಲ್ಲಾ ನಾಜಲ್ ಸವೆದಿದೆ. ಬೆಳೆಯ ಮೇಲೆಲೆಗೆ, ಕೆಳಗಿನ ಎಲೆಗೆ, ಹೊಲದ ಅಂಚಿಗೆ ಒಂದೊಂದು ನೀರು ತಾಗಿದರೆ ಬಣ್ಣ ಬದಲಿಸುವ ಹಳದಿ ಕಾಗದವನ್ನು ಸಿಕ್ಕಿಸಿಟ್ಟರೆ, ಹನಿ ಬಿದ್ದಲ್ಲೆಲ್ಲ ನೀಲಿ ಚುಕ್ಕೆ ಮೂಡುತ್ತದೆ. ಕೆಳಗಿನ ಎಲೆಯ ಕಾಗದ ಹಳದಿಯಾಗೇ ಉಳಿದಿದ್ದರೆ ಔಷಧಿ ಅಲ್ಲಿಗೆ ಮುಟ್ಟಿಲ್ಲ. ಪಕ್ಕದ ಹೊಲದ ಬದುವಿನಲ್ಲಿಟ್ಟ ಕಾಗದದ ಮೇಲೂ ನೀಲಿ ಚುಕ್ಕೆ ಕಂಡರೆ ಗಾಳಿಗೆ ಎಷ್ಟು ದೂರ ಹೋಗುತ್ತದೆ ಅನ್ನುವುದು ಕಣ್ಣೆದುರಿಗೇ ಇರುತ್ತದೆ. ಇದಾದ ಮೇಲೆ ಗಾಳಿಯ ಬಗ್ಗೆ ಭಾಷಣ ಮಾಡಬೇಕಾಗಿಲ್ಲ.

ಡ್ರೋನ್ ದೀದಿ ಯೋಜನೆಯ ಕಿಟ್‌ನಲ್ಲಿ ಗಾಳಿಯ ವೇಗ ಅಳೆಯುವ ಸಾಧನ, ನೀರಿನ ಪಿಎಚ್ (ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನುವುದು) ಅಳೆಯುವ ಸಾಧನ ಎರಡೂ ಇವೆ. ಹೆಚ್ಚುವರಿಯಾಗಿ ನಾಲ್ಕು ಸೆಟ್ ಬ್ಯಾಟರಿ ಕೂಡ. ಬ್ಯಾಟರಿಯನ್ನು ಎಲ್ಲರೂ ಬಳಸುತ್ತಾರೆ, ಅದಿಲ್ಲದೆ ಡ್ರೋನ್ ಏಳುವುದಿಲ್ಲವಲ್ಲ. ಉಳಿದ ಎರಡು ಸಾಧನಗಳು ಪೆಟ್ಟಿಗೆಯಲ್ಲೇ ಉಳಿಯದ ಹಾಗೆ ಕಲಿಸುವುದು ತರಬೇತಿಯ ಜವಾಬ್ದಾರಿ. ಆಳದ ಬೋರ್‌ವೆಲ್ ನೀರು ಎಷ್ಟೋ ಕಡೆ ಗಡುಸು. ಪಿಎಚ್ ಜಾಸ್ತಿ ಇರುವ ನೀರಿನಲ್ಲಿ ಕೆಲವು ಔಷಧಿಗಳು ಟ್ಯಾಂಕಿನಲ್ಲೇ ಶಕ್ತಿ ಕಳೆದುಕೊಳ್ಳುತ್ತವೆ. ತರಬೇತಿಗೆ ಬರುವಾಗ ಪ್ರತಿಯೊಬ್ಬರೂ ತಮ್ಮ ಬೋರಿನ ನೀರನ್ನು ಒಂದು ಬಾಟಲಿಯಲ್ಲಿ ತರಲಿ, ಅಲ್ಲೇ ಅಳೆಯಲಿ.

ಬೇರೆಯವರು ಹೇಗೆ ಮಾಡಿದ್ದಾರೆ

ಅಮೆರಿಕದಲ್ಲಿ ಕತೆ ಬೇರೆ. ಅಲ್ಲಿ ಕೆಲವು ಅಪಾಯಕಾರಿ ಔಷಧಿಗಳನ್ನು 'ನಿರ್ಬಂಧಿತ' ಅಂತ ಗುರುತಿಸಿದ್ದಾರೆ. ಅವನ್ನು ಕೊಳ್ಳಲು, ಬಳಸಲು ರೈತರಿಗೇ ಸರ್ಟಿಫಿಕೇಟ್ ಬೇಕು. ಸ್ವಂತ ಜಮೀನಾದರೂ ಬಿಡುವುದಿಲ್ಲ. ಐದು ವರ್ಷ ಮೀರದ ಹಾಗೆ ಅದನ್ನು ನವೀಕರಿಸಬೇಕು. ತರಬೇತಿಯ ಹೆಚ್ಚಿನ ಭಾಗವನ್ನು ನಡೆಸುವುದು ಕೃಷಿ ವಿಶ್ವವಿದ್ಯಾಲಯಗಳ ವಿಸ್ತರಣಾ ಸಿಬ್ಬಂದಿ, ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಮಟ್ಟದಲ್ಲಿ. ನೆಬ್ರಾಸ್ಕದಂಥ ರಾಜ್ಯದಲ್ಲಿ ರೈತರಿಗೆ ಮೂರು ದಾರಿ: ಊರಿನ ಸಭೆಗೆ ಹೋಗಿ ಕಲಿಯುವುದು, ಆನ್‌ಲೈನ್‌ನಲ್ಲಿ ಕಲಿಯುವುದು, ಇಲ್ಲಾ ಮನೆಯಲ್ಲೇ ಓದಿ ಪರೀಕ್ಷೆ ಬರೆಯುವುದು. ಸಭೆಗಳು ಹೆಚ್ಚಾಗಿ ಚಳಿಗಾಲದಲ್ಲಿ, ಹೊಲದಲ್ಲಿ ಕೆಲಸ ಇಲ್ಲದಾಗ. 2020ರಲ್ಲಿ ಕೋವಿಡ್ ಬಂದು ಸಭೆಗಳು ನಿಂತಾಗ ಆನ್‌ಲೈನ್ ದಾರಿಯೇ ಕೈ ಹಿಡಿಯಿತು. ಪರೀಕ್ಷೆ ಮಾತ್ರ ಗುರುತಿನ ಚೀಟಿ ನೋಡಿ, ಯಾರಾದರೂ ಮೇಲ್ವಿಚಾರಣೆ ಮಾಡಿಯೇ ನಡೆಯಬೇಕು ಅನ್ನುವುದು ಅಲ್ಲಿನ ನಿಯಮ. ಕಲಿಯುವ ಜಾಗ ಎಲ್ಲಾದರೂ ಇರಲಿ, ಒರೆಗೆ ಹಚ್ಚುವಾಗ ಬಿಗಿ ಇರಲಿ ಅಂತ.

ಅಲ್ಲಿನ ಇನ್ನೊಂದು ಪಾಠ ನಮಗೆ ನೇರವಾಗಿ ತಾಗುತ್ತದೆ. ಪ್ಯಾರಾಕ್ವಾಟ್ ಅನ್ನುವ ಕಳೆನಾಶಕವನ್ನು ಕೆಲವರು ತಂಪು ಪಾನೀಯದ ಬಾಟಲಿಗೆ ಹಾಕಿಟ್ಟು, ಗೊತ್ತಿಲ್ಲದೆ ಬೇರೆಯವರು ಕುಡಿದು ಸತ್ತ ಪ್ರಕರಣಗಳು ನಡೆದವು. ಅದಕ್ಕಾಗಿ ಆ ಒಂದೇ ಔಷಧಿಗೆ ಪ್ರತ್ಯೇಕ ತರಬೇತಿ ಮಾಡಿದರು, ಮೂರು ವರ್ಷಕ್ಕೊಮ್ಮೆ ಕಡ್ಡಾಯ, ಆನ್‌ಲೈನ್‌ನಲ್ಲೂ ಮುಗಿಸಬಹುದು. ಖಾಲಿ ಬಾಟಲಿಗೆ ಔಷಧಿ ಬಗ್ಗಿಸಿಡುವ ಅಭ್ಯಾಸ ನಮ್ಮ ಮನೆಗಳಲ್ಲೂ ಇದೆ ಅಲ್ವಾ? ಇಂಥ ಒಂದೇ ಒಂದು ವಿಷಯದ ಚಿಕ್ಕ ಪಾಠಕ್ಕೆ ಫೋನೇ ಸರಿ.

ನಮ್ಮ ದೇಶದಲ್ಲೂ ಒಂದು ಒಳ್ಳೆಯ ಮಾದರಿ ಇದೆ, ಆದರೆ ಅದು ಅಂಗಡಿಯವರಿಗೆ. ಹೈದರಾಬಾದಿನ ಮ್ಯಾನೇಜ್ (MANAGE) ಅನ್ನುವ ರಾಷ್ಟ್ರೀಯ ಕೃಷಿ ವಿಸ್ತರಣಾ ಸಂಸ್ಥೆ 2003ರಲ್ಲಿ ಶುರು ಮಾಡಿದ 'ದೇಸಿ' (DAESI) ಅನ್ನುವ ಹೆಸರಿನ ಡಿಪ್ಲೊಮಾ. ಗೊಬ್ಬರ, ಬೀಜ, ಔಷಧಿ ಮಾರುವವರಿಗೆ ಒಂದು ವರ್ಷ, ಒಟ್ಟು 48 ವಾರ, ವಾರಕ್ಕೊಂದು ದಿನ ತರಗತಿ. ಅದರಲ್ಲಿ 40 ದಿನ ಪಾಠ, 8 ದಿನ ಹೊಲದ ಭೇಟಿ. ಭಾನುವಾರವೋ ಸಂತೆಯ ರಜೆಯೋ ನೋಡಿ ದಿನ ಇಡುತ್ತಾರೆ, ಅಂಗಡಿ ಮುಚ್ಚಬೇಕಾಗಿಲ್ಲ. ಹುಳ ಬಿದ್ದಾಗ ರೈತರು ಮೊದಲು ಹೋಗಿ ಕೇಳುವುದು ಅಂಗಡಿಯವರನ್ನೇ ಆದ್ದರಿಂದ ಇದು ಒಳ್ಳೆಯ ಕೆಲಸ. ಡ್ರೋನ್ ಕಲಿಯುವ ಮಹಿಳೆಯರಿಗೂ ಇದೇ ರೀತಿ ಯೋಚಿಸಬಹುದು. 15 ದಿನ ಒಟ್ಟಿಗೆ ಮನೆ ಬಿಟ್ಟಿರಲು ಎಳೆ ಮಗುವಿರುವ, ಎರಡು ಹಸು ಇರುವ ಮನೆಯಿಂದ ಬರುವುದು ಕಷ್ಟ. ಹಾರಾಟದ 5 ದಿನಕ್ಕೆ ಬಿಟ್ಟಿರಲೇಬೇಕು. ಉಳಿದ ಕೃಷಿ ಪಾಠವನ್ನು ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಾರಕ್ಕೊಂದು ದಿನ, ಬೆಳಿಗ್ಗೆ ಹೋಗಿ ಸಂಜೆ ಹಾಲು ಕರೆಯುವ ಹೊತ್ತಿಗೆ ಮನೆ ಸೇರುವ ಹಾಗೆ ಇಟ್ಟರೆ ಬರುವವರು ಜಾಸ್ತಿಯಾಗುತ್ತಾರೆ.

ಹೆಸರು ಕೊಡುವ ಮೊದಲು

ಸ್ವಂತ ದುಡ್ಡು ಕಟ್ಟಿ ಹೋಗುವವರು ಕೆಲವು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬೇಕು. ಸಂಸ್ಥೆಗೆ ಡಿಜಿಸಿಎ ಮಾನ್ಯತೆ ಇದೆಯಾ, ಯಾವ ವರ್ಗಕ್ಕೆ ಇದೆ? ಬ್ಯಾಚಿನಲ್ಲಿ ಎಷ್ಟು ಜನ, ಡ್ರೋನ್ ಎಷ್ಟು? ಇಪ್ಪತ್ತು ಜನಕ್ಕೆ ಒಂದೇ ಡ್ರೋನ್ ಅಂದರೆ ಬೇರೆಯವರು ಹಾರಿಸುವುದನ್ನು ನೋಡುವುದರಲ್ಲೇ ದಿನ ಹೋಗುತ್ತದೆ. ನನ್ನ ಕೈಗೆ ರಿಮೋಟ್ ಒಟ್ಟು ಎಷ್ಟು ಹೊತ್ತು ಸಿಗುತ್ತದೆ ಅಂತ ನೇರವಾಗಿ ಕೇಳಿ. ಕನ್ನಡದಲ್ಲಿ ಪಾಠ ಮಾಡುವವರು ಇದ್ದಾರಾ, ತುಂಬಿದ ಟ್ಯಾಂಕಿನ ಜೊತೆ ಹಾರಿಸಲು ಕೊಡುತ್ತಾರಾ ಅನ್ನುವುದನ್ನೂ ಕೇಳಿ. ತುಂಬಿದ ಡ್ರೋನಿನ ನಡವಳಿಕೆಯೇ ಬೇರೆ. ತಿರುಗಿಸಿದಾಗ ಒಳಗಿನ ನೀರು ಅಲುಗಾಡಿ ಅದೂ ಒಂದು ಕಡೆ ಎಳೆಯುತ್ತದೆ. "ಪೂರ್ತಿ ಆನ್‌ಲೈನ್‌ನಲ್ಲೇ ಲೈಸೆನ್ಸ್ ಕೊಡುತ್ತೇವೆ" ಅನ್ನುವವರನ್ನು ನಂಬಬೇಡಿ. ಡ್ರೋನ್ ಹಾರಿಸದೆ ಈ ಪ್ರಮಾಣಪತ್ರ ಬರುವುದಿಲ್ಲ.

ಇನ್ನು ಆ 10 ವರ್ಷದ ಅವಧಿಯ ಮಾತು. ಹತ್ತು ವರ್ಷದಲ್ಲಿ ಹೊಲ ಎಷ್ಟು ಬದಲಾಗುತ್ತದೆ ನೋಡಿ. ಮೆಕ್ಕೆಜೋಳದ ಫಾಲ್ ಸೈನಿಕ ಹುಳು 2018ಕ್ಕೆ ಮೊದಲು ನಮ್ಮ ದೇಶದಲ್ಲೇ ಇರಲಿಲ್ಲ. ಆ ವರ್ಷ ಮೊದಲು ಕಂಡದ್ದೇ ಕರ್ನಾಟಕದಲ್ಲಿ. ಸುಳಿಯ ಒಳಗೆ ಅವಿತು ತಿನ್ನುವ ಹುಳ ಅದು, ಮೇಲಿಂದ ಹೊಡೆದ ಔಷಧಿ ಸುಳಿಗೆ ಇಳಿಯಬೇಕು. ಡ್ರೋನಿನಲ್ಲಿ ಯಾವ ಎತ್ತರದಿಂದ, ಎಷ್ಟು ನೀರಿನಲ್ಲಿ ಹೊಡೆದರೆ ಇಳಿಯುತ್ತದೆ ಅನ್ನುವುದನ್ನು ಅಭ್ಯಾಸದಿಂದಲೇ ತಿಳಿಯಬೇಕು. ಡ್ರೋನಿಗೆ ಒಪ್ಪಿಗೆ ಇರುವ ಔಷಧಿಗಳ ಪಟ್ಟಿಯೂ ಹಾಗೇ. 2022ರಲ್ಲಿ 477 ಔಷಧಿಗಳಿಗೆ ಮೊದಲು ತಾತ್ಕಾಲಿಕ ಒಪ್ಪಿಗೆ ಕೊಟ್ಟಿದ್ದರು. ಇಂಥ ಪಟ್ಟಿ ಇದ್ದಹಾಗೇ ಇರುವುದಿಲ್ಲ. ಹಾಗಾಗಿ ಪ್ರಮಾಣಪತ್ರ ಹತ್ತು ವರ್ಷದ್ದಾದರೂ, ಪ್ರತಿ ವರ್ಷ ಮುಂಗಾರಿಗೆ ಮುಂಚೆ ಮೇ ತಿಂಗಳಲ್ಲಿ ಒಂದು ದಿನ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಡ್ರೋನ್ ಹಾರಿಸುವವರೂ ಅವರ ಸಹಾಯಕರೂ ಸೇರಲಿ. ಆ ವರ್ಷದ ಹುಳ, ಆ ವರ್ಷದ ಪಟ್ಟಿ ಇಷ್ಟನ್ನು ಫೋನಿಗೆ ಮೊದಲೇ ಕಳಿಸಿರಲಿ. ಸೇರಿದ ದಿನ ಪೂರ್ತಿ ನಾಜಲ್ ಬಿಚ್ಚಿ ತೊಳೆಯುವುದು, ನೀರು ತುಂಬಿ ಎಕರೆ ಲೆಕ್ಕ ನೋಡುವುದು, ಹಳದಿ ಕಾಗದ ಸಿಕ್ಕಿಸಿ ಪರೀಕ್ಷಿಸುವುದು ನಡೆಯಲಿ. ಕೃಷಿ ವಿಜ್ಞಾನ ಕೇಂದ್ರಗಳಿಗೆ ಪ್ರಾತ್ಯಕ್ಷಿಕೆಗೆಂದು ಡ್ರೋನ್ ಕೊಳ್ಳಲು 10 ಲಕ್ಷ ರೂಪಾಯಿವರೆಗೆ ಪೂರ್ತಿ ಸಹಾಯಧನ ಇದೆ. ನಿಮ್ಮ ಜಿಲ್ಲೆಯ ಕೇಂದ್ರದಲ್ಲಿ ಡ್ರೋನ್ ಇದೆಯಾ ಅಂತ ಕೇಳಿ ನೋಡಿ. ಇದ್ದರೆ ಇಂಥ ಒಂದು ದಿನ ಇಡಿ ಅಂತ ನಾಲ್ಕು ಜನ ಸೇರಿ ಒಂದು ಅರ್ಜಿ ಬರೆದುಕೊಡಿ.